ಒಂದೇ ಪರದೆ, ಆಟಕ್ಕೂ ಸಿನಿಮಾಕ್ಕೂ

ಪ್ರಶ್ನೆ: ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗನ ಕಂಪ್ಯೂಟರಿನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇದೆ, ಹಳೆಯ ಮಾನಿಟರ್ ಕೆಟ್ಟಿದೆ. ಅವನು ಗೇಮ್ ಆಡುತ್ತಾನೆ, ರಾತ್ರಿ ಊಟವಾದ ಮೇಲೆ ನಾವು ಮೂವರೂ ಅದರಲ್ಲೇ ಸಿನಿಮಾ ನೋಡುತ್ತೇವೆ. 12,000 ರೂಪಾಯಿಗಿಂತ ಹೆಚ್ಚು ಹಾಕಲಾಗದು. ಅಂಗಡಿಯವರು 27 ಇಂಚಿನ ಮಾನಿಟರ್ ತೋರಿಸುತ್ತಿದ್ದಾರೆ. ನೆಂಟರೊಬ್ಬರು ಅದೇ ದುಡ್ಡಿಗೆ 32 ಇಂಚಿನ ಟಿವಿ ಬರುತ್ತದೆ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಗುಬ್ಬಿ

ಉತ್ತರ: ಟಿವಿಯ ವಿಚಾರವನ್ನು ಬಿಟ್ಟುಬಿಡಿ. ಈ ಬೆಲೆಯ 32 ಇಂಚಿನ ಟಿವಿಗಳಲ್ಲಿ ಬಹಳಷ್ಟು 1366×768 ಪಿಕ್ಸೆಲ್‌ಗಳವು (ಪಿಕ್ಸೆಲ್ ಎಂದರೆ ಚಿತ್ರ ಮೂಡಿಸುವ ಚುಕ್ಕೆ). ದೂರದಿಂದ ನೋಡುವವರಿಗೆ ಅದು ಸಾಕಾದರೂ, ಮೇಜಿನೆದುರು ಕುಳಿತವನಿಗೆ ಅಕ್ಷರಗಳ ಅಂಚು ಒಡೆದು ಕಾಣುತ್ತದೆ. ನಿಮ್ಮ ಮಗ ಅದೇ ಪರದೆಯಲ್ಲಿ ಪ್ರಾಜೆಕ್ಟ್ ವರದಿಯನ್ನೂ ಬರೆಯಬೇಕಲ್ಲವೇ? 27 ಇಂಚಿನದಕ್ಕೂ ಇದೇ ಮಾತು ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. 1920×1080 ಪಿಕ್ಸೆಲ್‌ಗಳು 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92ರಂತೆ ಕೂತರೆ, 27 ಇಂಚಿನಲ್ಲಿ 82ಕ್ಕೆ ಇಳಿಯುತ್ತವೆ. ಆ ಅಳತೆಗೆ ಒಪ್ಪುವ 2560×1440ರ ಪರದೆ ಕೊಂಡರೂ ನಿಮ್ಮ ಕಾರ್ಡ್ ಅಷ್ಟು ಭಾರ ಎಳೆಯಲಾರದು. ಹಾಗಾಗಿ 24 ಇಂಚೇ ಸರಿ.

ಇನ್ನು ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ; ಅದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ. 60 ಹರ್ಟ್ಸ್‌ನ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸಿದರೆ, 144 ಹರ್ಟ್ಸ್‌ನದು 7 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ. ಹಗುರವಾದ ಆನ್‌ಲೈನ್ ಆಟಗಳಲ್ಲಿ ಈ ಕಾರ್ಡ್ ಸೆಕೆಂಡಿಗೆ 100 ಫ್ರೇಮ್ (ಬಿಡಿ ಚಿತ್ರ) ದಾಟುತ್ತದೆ, ಹೊಸ ಭಾರೀ ಆಟಗಳಲ್ಲಿ ಅದರ ಅರ್ಧಕ್ಕೇ ಏದುಸಿರು ಬಿಡುತ್ತದೆ; ಆದ್ದರಿಂದ 100ರಿಂದ 144 ಹರ್ಟ್ಸ್ ಸಾಕು. 120 ಅಥವಾ 144 ಸಿಕ್ಕರೆ ಸಿನಿಮಾಕ್ಕೂ ಅನುಕೂಲ, ಏಕೆಂದರೆ ಸಿನಿಮಾದಲ್ಲಿ ಸೆಕೆಂಡಿಗೆ ಬರುವ 24 ಫ್ರೇಮ್‌ಗಳು ಆ ಸಂಖ್ಯೆಗಳಲ್ಲಿ ಸಮನಾಗಿ ಹಂಚಿಹೋಗುತ್ತವೆ, 60ರಲ್ಲಿ ಹೋಗುವುದಿಲ್ಲ. ಕಾರ್ಡಿನ ವೇಗಕ್ಕೆ ಪರದೆಯ ವೇಗವನ್ನು ಹೊಂದಿಸುವ ಫ್ರೀಸಿಂಕ್ ಸೌಲಭ್ಯವೂ ಡಿಸ್‌ಪ್ಲೇಪೋರ್ಟ್ ಕಿಂಡಿಯೂ ಇರುವ ಮಾದರಿಯನ್ನೇ ಕೇಳಿ. 2019ರಿಂದ ನಿಮ್ಮದರಂಥ ಎನ್ವಿಡಿಯಾ ಕಂಪನಿಯ ಕಾರ್ಡುಗಳೂ ಡಿಸ್‌ಪ್ಲೇಪೋರ್ಟ್ ಕೇಬಲ್ ಮೂಲಕ ಫ್ರೀಸಿಂಕ್‌ಗೆ ಹೊಂದಿಕೊಳ್ಳುತ್ತವೆ. ಮಾನಿಟರ್ ಜೋಡಿಸಿದ ಮೇಲೂ ವಿಂಡೋಸ್ ಎಷ್ಟೋ ಸಲ 60ರಲ್ಲೇ ಉಳಿದಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ವಿಭಾಗಕ್ಕೆ ಹೋಗಿ ಬದಲಿಸದಿದ್ದರೆ ಕೊಟ್ಟ ದುಡ್ಡು ದಂಡ.

ನಿಜವಾಗಿ ಯೋಚಿಸಬೇಕಾದದ್ದು ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಫಲಕದ ಬಗ್ಗೆ; ಐಪಿಎಸ್, ವಿಎ ಎಂಬವು ಅದರ ಎರಡು ಬಗೆಗಳು. ಅಗಲ ಪರದೆಯ ಸಿನಿಮಾ ಹಾಕಿದಾಗ ಮೇಲೂ ಕೆಳಗೂ ಬರುವ ಕಪ್ಪು ಪಟ್ಟಿಗಳು ಒಟ್ಟಾರೆ ಪರದೆಯ ಕಾಲು ಭಾಗವನ್ನೇ ತಿನ್ನುತ್ತವೆ. ಸಾಮಾನ್ಯವಾಗಿ 1000:1 ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ) ಇರುವ ಐಪಿಎಸ್ ಪ್ಯಾನೆಲ್‌ನಲ್ಲಿ, ದೀಪ ಆರಿಸಿದ ಕೋಣೆಯಲ್ಲಿ, ಆ ಪಟ್ಟಿಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. 3000:1ರ ಆಸುಪಾಸಿನ ವಿಎ ಪ್ಯಾನೆಲ್‌ನಲ್ಲಿ ಕಪ್ಪಾಗಿಯೇ ಇರುತ್ತವೆ. ಸಿನಿಮಾ ಒಂದೇ ಆಗಿದ್ದರೆ ವಿಎ ಕೊಳ್ಳಿ ಎನ್ನುತ್ತಿದ್ದೆ. ಆದರೆ ಅಗ್ಗದ ವಿಎ ಪ್ಯಾನೆಲ್‌ಗಳಲ್ಲಿ ಗಾಢ ಬಣ್ಣಗಳು ನಿಧಾನವಾಗಿ ಬದಲಾಗುವುದರಿಂದ, ಆಟದ ಕತ್ತಲ ದೃಶ್ಯಗಳಲ್ಲಿ ಓಡುವ ಆಕೃತಿಯ ಹಿಂದೆ ಮಸಿ ಬಳಿದಂತೆ ನೆರಳು ಎಳೆಯುತ್ತದೆ. ಪಕ್ಕದಿಂದ ನೋಡುವವರಿಗೆ ಬಣ್ಣವೂ ಪೇಲವ. ಒಂದು ಸಣ್ಣ ಪರದೆಯ ಮುಂದೆ ಮೂವರು ಕುಳಿತರೆ ಇಬ್ಬರಾದರೂ ಓರೆಯಾಗಿಯೇ ಕೂರಬೇಕಾಗುತ್ತದೆ. ಆದ್ದರಿಂದ ನಿಮ್ಮ ಮನೆಗೆ ಐಪಿಎಸ್ಸೇ ಆಗಲಿ. ಮಾನಿಟರಿನ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಚಿಕ್ಕದೊಂದು ಬಲ್ಬ್ ಉರಿಸಿಟ್ಟರೆ ಕಪ್ಪು ಇನ್ನಷ್ಟು ಕಪ್ಪಾಗಿ ತೋರುತ್ತದೆ, ಕಣ್ಣಿಗೂ ಹಿತ.

ಡಬ್ಬದ ಮೇಲಿನ ಎಚ್‌ಡಿಆರ್ (ಹೆಚ್ಚಿನ ಹೊಳಪು-ಕತ್ತಲೆಯ ಚಿತ್ರ) ಎಂಬ ಅಕ್ಷರಗಳಿಗೆ ಈ ಬೆಲೆಯಲ್ಲಿ ಕಿವಿಗೊಡಬೇಡಿ. ಆ ಹೊಳಪನ್ನು ತೋರಿಸುವ ಶಕ್ತಿ 250 ನಿಟ್ಸ್‌ನ (ನಿಟ್ಸ್ ಎಂದರೆ ಹೊಳಪಿನ ಅಳತೆ) ಪರದೆಗೆ ಇರುವುದಿಲ್ಲ. ಚಲನೆ ಮಸುಕಾಗದೆ ತೋರಿಸುವ ವೇಗ 1 ಮಿಲಿಸೆಕೆಂಡ್ ಎಂಬ ಹೇಳಿಕೆಯೂ ಹಲವೊಮ್ಮೆ ಹಿಂಬೆಳಕನ್ನು ಮಿಣುಕಿಸಿ, ಹೊಳಪು ಕಳೆದುಕೊಂಡು ಪಡೆದದ್ದಾಗಿರುತ್ತದೆ. ಮಾನಿಟರಿನೊಳಗಿನ ಸ್ಪೀಕರ್ ಇದ್ದೂ ಇಲ್ಲದಂತೆ. ನಿಮ್ಮ ಮೊತ್ತದಲ್ಲಿ ಸಾವಿರ ರೂಪಾಯಿಯನ್ನು ಬೇರೆ ಸ್ಪೀಕರಿಗೆ ಎತ್ತಿಡಿ.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಕ್ಕೀತು, ಆದರೆ ತೊಂದರೆ ಬಂದರೆ ಅಲ್ಲಿಯವರೆಗೆ ಹೊತ್ತೊಯ್ಯಬೇಕಾದವರು ನೀವೇ. ತುಮಕೂರಿನಲ್ಲೇ ಕೊಳ್ಳುವುದು ಮೇಲು. ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ಪರದೆ ತುಂಬ ಒಮ್ಮೆ ಬಿಳಿ, ಒಮ್ಮೆ ಕಪ್ಪು ಬಣ್ಣ ಹಾಕಿಸಿ ನೋಡಿ. ಒಂದೆರಡು ಸತ್ತ (ಬಣ್ಣ ಬದಲಿಸದೆ ನಿಂತುಹೋದ) ಪಿಕ್ಸೆಲ್‌ಗಳಿಗೆ ಹಲವು ಕಂಪನಿಗಳು ವಾರಂಟಿಯಲ್ಲಿ ಪರದೆ ಬದಲಿಸಿಕೊಡುವುದಿಲ್ಲ, ಹಾಗಾಗಿ ಚುಕ್ಕೆ ಕಂಡರೆ ಆಗಲೇ ಬೇರೆ ಡಬ್ಬ ಕೇಳಿ, ಸೀರಿಯಲ್ ನಂಬರ್ ಬರೆಸಿದ ಬಿಲ್ ಪಡೆದುಕೊಳ್ಳಿ.