'ಜೋಕುಮಾರಸ್ವಾಮಿ' ನಾಟಕ ಇಷ್ಟು ವರ್ಷ ಉಳಿದದ್ದು ಹೇಗೆ?

ಮೊದಲ ಕಾರಣ ಹಾಡು ಅಂತಲೇ ನಾನು ಹೇಳುತ್ತೇನೆ. ಚಂದ್ರಶೇಖರ ಕಂಬಾರರ ಈ ನಾಟಕವನ್ನು 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಆಡಿಸಿದರು. ಕಟ್ಟಿದ್ದು ಬಯಲಾಟದ ಧಾಟಿಯಲ್ಲಿ: ಸೂತ್ರಧಾರ, ಹಿಮ್ಮೇಳ, ಹಾಡು, ಕುಣಿತ. ಹಾಡು ಇಲ್ಲಿ ಸುಮ್ನೆ ಮನರಂಜನೆಗಲ್ಲ. ಕತೆಯನ್ನು ಮುಂದಕ್ಕೆ ಒಯ್ಯುವುದೇ ಅದು.

ಇನ್ನು ಕತೆಯ ಬೇರು. ಉತ್ತರ ಕರ್ನಾಟಕದಲ್ಲಿ ಗಣೇಶನ ಹಬ್ಬದ ಬೆನ್ನಲ್ಲೇ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕೂರಿಸಿ, ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಮನೆ ಮನೆಗೆ ಹಾಡುತ್ತಾ ಹೋಗುತ್ತಾರೆ. ಅವನ ಬಾಯಿಗೆ ಬೆಣ್ಣೆ ಮೆತ್ತಿರುತ್ತಾರೆ. ಮಳೆ, ಬೆಳೆ, ಮಕ್ಕಳ ದೇವರು ಅವನು. ನಾಟಕದಲ್ಲಿ ಮಕ್ಕಳಿಲ್ಲದ ಗೌಡತಿ ಅವನಿಗೇ ಹರಕೆ ಹೊರುತ್ತಾಳೆ. ಮಕ್ಕಳಾಗಲೆಂದು ಗಂಡನಿಗೆ ಮಾಡಿದ ಹರಕೆಯ ಅಡುಗೆ ರೈತ ಬಸಣ್ಣನ ಪಾಲಾಗುತ್ತದೆ. ಗೌಡತಿ ಅವನಿಂದ ಬಸುರಾಗುತ್ತಾಳೆ, ಗೌಡ ಬಸಣ್ಣನನ್ನು ಕೊಲ್ಲಿಸುತ್ತಾನೆ.

ನಾಟಕ ಇನ್ನೊಂದನ್ನೂ ಕೇಳುತ್ತದೆ: ಹೊಲ ಯಾರದು, ದುಡಿದವನದಾ, ಒಡೆಯನದಾ? ಈ ಪ್ರಶ್ನೆ ಇವತ್ತಿಗೂ ಬಿಸಿಯಾಗೇ ಇದೆ ಅಲ್ವಾ? ಗೌಡತಿಯ ಆಸೆಯನ್ನು ಪಾಪ ಅನ್ನದೆ ಬರೆದದ್ದಂತೂ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ವಿಷಯ. ಓದಿದರೆ ಅರ್ಧ ಸಿಗುತ್ತದೆ. ಸಾಧ್ಯವಾದರೆ ರಂಗದ ಮೇಲೇ ನೋಡಿ.