‘ಆಟ ತಾನೇ ಮೇಡಂ?’

ಹೆಸರು, ಗುರುತು ಬದಲಿಸಿದ್ದೇನೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಕುಂದಾಪುರ ಕಡೆಯ ಕುಟುಂಬ. ಅಪ್ಪ ಹೋಟೆಲಿಗೆ ಬೆಳಿಗ್ಗೆ ಹೋದರೆ ಬರುವುದು ರಾತ್ರಿಯೇ. ಮಗ ನಿತಿನ್‌ಗೆ 17. ಅವನನ್ನು ತಾಯಿ ಆಪ್ತಸಲಹೆಗೆಂದು ನನ್ನ ಬಳಿ ಕರೆತಂದಿದ್ದರು.

ಅವನು ಕಂಪ್ಯೂಟರ್ ಆಟದಲ್ಲಿ ಮುದುಕ-ಮುದುಕಿಯ ಮನೆಗೆ ನುಗ್ಗಿ ಔಷಧಿ, ಊಟದ ಸಾಮಾನು ಎಲ್ಲ ಬಾಚಿಕೊಂಡನಂತೆ. ಮುದುಕ ಬೇಡಿಕೊಂಡರೂ ಬಿಡಲಿಲ್ಲ. “ಮನೇಲಿ ನಮ್ಮತ್ತೆ ಇದ್ದಾರೆ ಮೇಡಂ. ನಾಳೆ ಅವರಿಗೂ ಹೀಗೇ ಮಾಡಿದ್ರೆ?”

ಆಟ ‘ದಿಸ್ ವಾರ್ ಆಫ್ ಮೈನ್’. ಪೋಲೆಂಡಿನವರು 2014ರಲ್ಲಿ ತಂದದ್ದು, 1992ರಿಂದ 96ರವರೆಗೆ ಬೋಸ್ನಿಯಾದ ಸರಾಯೆವೊ ನಗರಕ್ಕೆ ಹಾಕಿದ್ದ ಮುತ್ತಿಗೆಯಿಂದ ಪ್ರೇರಣೆ ಪಡೆದದ್ದು. ಯುದ್ಧದ ನಡುವೆ ಸಿಕ್ಕಿಬಿದ್ದ ಸಾಮಾನ್ಯ ಜನರನ್ನು ಬದುಕಿಸುವುದೇ ಕೆಲಸ. ಹೀಗೆ ಕದ್ದರೆ ಬಹಳಷ್ಟು ಪಾತ್ರಗಳು ಆಮೇಲೆ ಕೊರಗುತ್ತವೆ.

ನಿತಿನ್ ಬಳಿ ಸಮಜಾಯಿಷಿ ರೆಡಿ ಇತ್ತು. “ಆಟದಲ್ಲಿ ನಮ್ಮವನಿಗೆ ಹುಷಾರಿರಲಿಲ್ಲ. ನಾನು ಬಿಟ್ಟರೆ ಬೇರೆ ಯಾರೋ ಕದೀತಿದ್ರು. ಆಟ ತಾನೇ ಮೇಡಂ?” ಸ್ವಲ್ಪ ತಡೆದು, “ಆಮೇಲೆ ಎರಡು ದಿನ ಅದನ್ನ ತೆಗೀಲಿಲ್ಲ” ಅಂದ. ನನಗೆ ಸಮಾಧಾನವಾಯಿತು. ಮನಸ್ಸಿಗೆ ಚುಚ್ಚಿದೆ ಅಂತಾಯಿತಲ್ಲ.

ಬೇರೇನು ಆಡ್ತೀಯ ಅಂದೆ. ಬಿಜಿಎಂಐ ಅಂದ, ಮೊಬೈಲಿನಲ್ಲಿ ಆಡುವ ಗುಂಡು ಹಾರಿಸುವ ಆಟ. ಊರಲ್ಲಿರುವ ಮಾವನ ಮಗ, 13ರ ಹುಡುಗ, ರ್‍ಯಾಂಕ್ ಏರಿಸಿಕೊಡು ಅಂತ ಪಾಸ್‌ವರ್ಡ್ ಕೊಟ್ಟಿದ್ದ. ಹಬ್ಬದ ದುಡ್ಡಲ್ಲಿ ಆ ಹುಡುಗ ಕೊಂಡಿದ್ದ ಯುಸಿಯನ್ನೆಲ್ಲ, ಅಂದರೆ ಆಟದೊಳಗಿನ ದುಡ್ಡನ್ನೆಲ್ಲ, ಇವನು ಕ್ರೇಟ್ (ಅದೃಷ್ಟದ ಪೆಟ್ಟಿಗೆ) ತೆರೆದು ಖಾಲಿ ಮಾಡಿದ್ದ. “ಅವನೂ ಸುಮ್ನೆ ಹಾಳು ಮಾಡ್ತಿದ್ದ. ರ್‍ಯಾಂಕ್ ಏರಿಸಿದ್ದೀನಲ್ಲ. ಆಟ ತಾನೇ?” ಈ ಸಲ ತಡೆಯಲೂ ಇಲ್ಲ.

ನಾವು ತಪ್ಪಿಗೆ ಹೇಳಿಕೊಳ್ಳುವ ಇಂಥ ಸಬೂಬುಗಳನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 8 ಬಗೆಯಾಗಿ ವಿಂಗಡಿಸಿದ್ದರು. ಒಳ್ಳೆಯದಕ್ಕೇ ಮಾಡಿದ್ದು, ಅಂಥ ನಷ್ಟವೇನಿಲ್ಲ, ತಪ್ಪು ಅವನದೇ, ಹೀಗೆ. ಪರದೆಯ ಮುದುಕನ ವಿಷಯದಲ್ಲಿ ಆ ಸಬೂಬುಗಳನ್ನು ಹೇಳಿ ನೋಡಿದರೆ ಯಾರಿಗೂ ನಷ್ಟವಿಲ್ಲ. ಊರಿನ ಹುಡುಗನ ದುಡ್ಡು ಹೋದದ್ದು ನಿಜವಾಗಿಯೇ. ತಾಯಿಗೆ ಇದು ಗೊತ್ತೇ ಇರಲಿಲ್ಲ!

ಅವರಿಗೆ ಹೇಳಿದ್ದು: ಆಟ ಡಿಲೀಟ್ ಮಾಡಬೇಡಿ. ಪಕ್ಕದಲ್ಲಿ ಕೂತು ನೋಡಿ, ಯಾಕೆ ಹಾಗೆ ಮಾಡಿದೆ ಅಂತ ಬೈಯದೆ ಕೇಳಿ. ಅತ್ತೆಯ ಚಿಂತೆ ಬಿಡಿ. ಅವರ ಬಿ.ಪಿ. ಮಾತ್ರೆ ಮುಗಿಯುವ ಮುಂಚೆ ತಂದಿಡುವವನು ಇವನೇ ಅಂತ ನೀವೇ ಹೇಳಿದಿರಲ್ಲ.

ನಿತಿನ್‌ಗೆ ಹೇಳಿದ್ದು ಎರಡೇ. ಹುಡುಗನಿಗೆ ತಪ್ಪಾಯಿತು ಅನ್ನು. ದುಡ್ಡು ಅಮ್ಮನ ಹತ್ತಿರ ಕೇಳದೆ ನಿನ್ನ ಪಾಕೆಟ್ ಮನಿಯಲ್ಲೇ ತೀರಿಸು. ಅಲ್ಲೇ ಮೊಬೈಲ್ ತೆಗೆದು ಟೈಪ್ ಮಾಡಿದ: “ಸಾರಿ ಮಾರಾಯ, ಆದ್ರೆ ಪಾಸ್‌ವರ್ಡ್ ಕೊಟ್ಟದ್ದು ನೀನೇ ಅಲ್ವಾ.” ‘ಆದ್ರೆ’ಯಿಂದ ಮುಂದಿನದ್ದನ್ನು ಅಳಿಸು ಅಂದೆ. ಮುಖ ಗಂಟಿಕ್ಕಿಕೊಂಡ. ಬರೀ “ಸಾರಿ ಮಾರಾಯ” ಅಂತ ಕಳಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಈಗ ತಿಂಗಳಿಗೆ 200 ರೂಪಾಯಿ ಕಳಿಸುತ್ತಿದ್ದಾನೆ. ಹುಡುಗ ಪಾಸ್‌ವರ್ಡ್ ಬದಲಿಸಿದ್ದಾನೆ. ನಿತಿನ್‌ಗೆ ಅದರದ್ದೇ ಜಾಸ್ತಿ ಬೇಜಾರು. ಮುಂದಿನ ಭೇಟಿಗೆ ಅಪ್ಪನೂ ಬರಲಿ ಅಂದಿದ್ದೇನೆ. ದುಡ್ಡಿನ ವಿಷಯ ಅವರಿಗಿನ್ನೂ ಯಾರೂ ಹೇಳಿಲ್ಲ.