ಎಲ್ರೂ ಡಾಕ್ಟರ್ ಅಂತ ಬರೆದ್ರೆ ಟೀಚರ್ ಏನ್ ಮಾಡ್ಬೇಕು?

ಪ್ರಶ್ನೆ: ನಮಸ್ಕಾರ ಸರ್, ನಾನು ಮಂಡ್ಯ ಕಡೆ ಒಂದು ಹೈಸ್ಕೂಲಲ್ಲಿ ಎಂಟನೇ ಕ್ಲಾಸಿಗೆ ಮ್ಯಾಥ್ಸ್ ತಗೋತೀನಿ. ಜೂನಲ್ಲಿ ಮಕ್ಕಳಿಗೆ ಚೀಟಿ ಕೊಟ್ಟು ನಿಮ್ಮ ಗುರಿ ಬರೀರಿ ಅಂದೆ. ಡಾಕ್ಟರ್, ಪೊಲೀಸ್, ಇಲ್ಲಾಂದ್ರೆ "ಚೆನ್ನಾಗಿ ಓದ್ತೀನಿ", ಅಷ್ಟೇ. ದಸರಾ ರಜೆ ಹೊತ್ತಿಗೆ ಯಾರಿಗೂ ನೆನಪಿಲ್ಲ. ಮತ್ತೆ ಬರೆಸೋದ್ರಲ್ಲಿ ಅರ್ಥ ಇದ್ಯಾ?

ಉತ್ತರ: ಖಂಡಿತ ಇದೆ ಮೇಡಂ, ಬಿಡ್ಬೇಡಿ. ಡಾಕ್ಟರ್ ಆಗೋ ಆಸೆ ಇರ್ಲಿ, ಆದ್ರೆ ನಾಳೆ ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಅದು ಮಗೂಗೆ ಹೇಳಲ್ಲ. "ಚೆನ್ನಾಗಿ ಓದ್ತೀನಿ" ಅನ್ನೋದೂ ಅಷ್ಟೇ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಅನ್ನೋ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನೇ ಸ್ಟಡಿ ಮಾಡಿದ್ದಾರೆ, ಕೈಲಾದಷ್ಟು ಮಾಡು ಅನ್ನೋದಕ್ಕಿಂತ ಇಂಥದ್ದೇ ಅಂತ ಖಚಿತವಾಗಿರೋ, ಸ್ವಲ್ಪ ಕಷ್ಟಾನೇ ಆಗೋ ಗುರಿ ಇದ್ರೆ ಜನ ಜಾಸ್ತಿ ಮಾಡ್ತಾರೆ, ಆದ್ರೆ ಅದು ನಂದೇ ಅಂತ ಅನ್ನಿಸ್ಬೇಕು, ಎಲ್ಲಿವರೆಗೆ ಬಂದೆ ಅಂತಾನೂ ಆಗಾಗ ಗೊತ್ತಾಗ್ತಿರ್ಬೇಕು.

ಈ ಸಲ ಚೀಟಿಗೆ ಮುಂಚೆ ಹಳೇ ಟೆಸ್ಟ್ ಪೇಪರ್ ಕೈಗೆ ಕೊಡಿ. ಎಲ್ಲಿ ತಪ್ಪಾಯ್ತು ಅಂತ ಮಗುನೇ ಹುಡುಕ್ಲಿ, ನೀವು ಹೇಳ್ಬೇಡಿ. ಆಗ "ಛೇದ ಬೇರೆ ಬೇರೆ ಇರೋ ಭಿನ್ನರಾಶಿ ಕೂಡೋಕೆ ಬರ್ತಿಲ್ಲ, ಶುಕ್ರವಾರದೊಳಗೆ ಐದು ಲೆಕ್ಕ ಪುಸ್ತಕ ನೋಡದೆ ಮಾಡ್ತೀನಿ" ಅಂತ ಬರುತ್ತೆ. ಆಮೇಲೆ ಯಾವಾಗ ಮಾಡ್ತೀಯಾ ಅಂತ ಕೇಳಿ. "ಡೈರಿಗೆ ಹಾಲು ಹಾಕಿ ಬಂದ ತಕ್ಷಣ ಕೂತ್ಕೋತೀನಿ, ಕರೆಂಟ್ ಹೋದ್ರೆ ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಬಂದು ಮಾಡ್ತೀನಿ", ಹೀಗೆ ಅಡ್ಡಿ ಬಂದ್ರೆ ಏನು ಅನ್ನೋದೂ ಮಗು ಕೈಲೇ ಬರೆಸಿ. ಹೀಗಾದ್ರೆ ಹೀಗೆ ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡಿದ್ರೆ ಕೆಲಸ ಆಗೋ ಚಾನ್ಸ್ ಜಾಸ್ತಿ ಅಂತ ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲೇ ಬರೆದಿದ್ದಾರೆ.

1995ರಲ್ಲಿ ಎಚ್.ಡಿ. ಕೋಟೇಲಿ ಶುರುವಾದ ನಲಿ-ಕಲಿ, ಅಂದ್ರೆ ಪ್ರೈಮರಿ ಮಕ್ಕಳು ಆಟ-ಚಟುವಟಿಕೆ ಮಾಡ್ತಾ ಕಲಿಯೋ ಪದ್ಧತಿ, ನಿಮಗೆ ಗೊತ್ತೇ ಇರುತ್ತೆ, ಅಲ್ಲಿ ಪುಟ್ಟ ಮಕ್ಕಳು ಪಾಠದ ಹಂತಗಳನ್ನ ಮೆಟ್ಟಿಲಾಗಿ ತೋರಿಸೋ ಕಲಿಕಾ ಏಣಿ ನೋಡಿ ನಾನು ಈ ಮೆಟ್ಟಿಲಲ್ಲಿದ್ದೀನಿ ಅಂತ ತಾವೇ ತೋರಿಸ್ತಾರೆ. ಹೈಸ್ಕೂಲಿಗೆ ಬರೋ ಹೊತ್ತಿಗೆ ಬರೀ ಮಾರ್ಕ್ಸ್ ಉಳಿಯುತ್ತೆ, ನನಗೆ ತುಂಬಾ ಬೇಜಾರಾಗೋದು ಅದೇ.

ಇನ್ನೊಂದು ಮಾತು, ಈ ಗುರಿಗಳನ್ನ ಗೋಡೆಗೆ ಅಂಟಿಸ್ಬೇಡಿ. ಹಿಂದುಳಿದ ಮಗು ಎಲ್ಲರ ಮುಂದೆ ಕುಗ್ಗಿಹೋಗುತ್ತೆ, ಮುಂದಿನ ಸಲ ಸುಲಭದ್ದೇ ಬರೆಯುತ್ತೆ. ನೋಟ್‌ಬುಕ್ ಕೊನೇ ಪುಟ ಸಾಕು. ಶನಿವಾರ ಐದು ನಿಮಿಷ ಅದನ್ನ ತೆಗೆಸಿ, ಆಗಿಲ್ಲ ಅಂದವರಿಗೆ ಬೈಬೇಡಿ, ಏನು ಅಡ್ಡ ಬಂತು ಕೇಳಿ. ಐದು ಜಾಸ್ತಿ ಆಗಿದ್ರೆ ಮೂರು ಮಾಡ್ಲಿ, ಲ.ಸಾ.ಅ. ಬರ್ತಿಲ್ಲ ಅಂದ್ರೆ ಮುಂದಿನ ವಾರದ ಗುರಿ ಅದೇ ಆಗ್ಲಿ.